ಪಿಂಗಾಣಿ ತಟ್ಟೆಯ ಕಥೆಯಲ್ಲಿ ತೆಂಗಿನ ಚಿಪ್ಪಿಗೂ ಜಾಗ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಯುರೋಪಿನ ಅರಮನೆಗಳ ಪಿಂಗಾಣಿ ಊಟದ ಸಾಮಾನಿನ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ತುಂಬಾ ಚೆನ್ನಾಗಿದ್ದವು. ಹಂಸಗಳನ್ನು ಕೆತ್ತಿದ ತಟ್ಟೆ, ಚಿನ್ನದ ಅಂಚಿನ ಬಟ್ಟಲು, ಮುಚ್ಚಳದ ಮೇಲೆ ಹೂವಿಟ್ಟ ಸಾರಿನ ಪಾತ್ರೆ, ಎಲ್ಲವನ್ನೂ ಮೊಮ್ಮಗಳಿಗೆ ತೋರಿಸಿದೆ. ಊಟದ ತಟ್ಟೆಯನ್ನೇ ರಾಜರು ಅಧಿಕಾರದ ಗುರುತು ಮಾಡಿಕೊಂಡಿದ್ದರು ಎಂಬ ಲೇಖಕರ ಮಾತನ್ನು ನಾನೂ ಒಪ್ಪುತ್ತೇನೆ.

ನನ್ನ ತಕರಾರು ಕೊನೆಯ ಪ್ಯಾರಾದ ಬಗ್ಗೆ. ಅಲ್ಲಿನ ದೊರೆಗಳು ತಟ್ಟೆಯಲ್ಲಿ ದರ್ಪ ತೋರಿಸಿದರು, ನಮ್ಮ ನಾಡಿನಲ್ಲಿ ಮಾತ್ರ ಬಡವ ಬಲ್ಲಿದ ಎಲ್ಲರೂ ನೆಲದ ಮೇಲೆ ಕೂತು ಒಂದೇ ಬಗೆಯ ಎಲೆಯಲ್ಲಿ ಉಂಡರು ಎಂಬ ಅರ್ಥದ ಮಾತು ಅಲ್ಲಿದೆ. ಅದನ್ನು ಓದಿ ನನಗೆ ನೋವಾಯಿತು. ಕೋಲಾರ ಜಿಲ್ಲೆಯ ಯಾವ ಹಳ್ಳಿಯ ಕೇರಿಯಲ್ಲಿ ಹುಟ್ಟಿದವರೂ ಈ ಮಾತನ್ನು ಒಪ್ಪಲಾರರು. ನಮ್ಮಲ್ಲೂ ಪಾತ್ರೆಯೇ ಜಾಗ ಹೇಳುತ್ತಿತ್ತು. ಯಾರಿಗೆ ಯಾವ ಲೋಟ, ಯಾರಿಗೆ ಯಾವ ಎಲೆ, ಯಾರು ಒಳಗೆ, ಯಾರು ಜಗಲಿ ಮೇಲೆ, ಯಾರು ಅಂಗಳದಾಚೆ. ಇದನ್ನೆಲ್ಲ ಬಿಟ್ಟು ಬರೀ ಅಲ್ಲಿಯವರ ದರ್ಪ ಬರೆದರೆ ಅರ್ಧ ಕಥೆ ಬರೆದ ಹಾಗಾಗುತ್ತದೆ.

ನಾನು ಬಂಗಾರಪೇಟೆ ತಾಲ್ಲೂಕಿನವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ಯುರೋಪಿನ ಇತಿಹಾಸವನ್ನು ಮಕ್ಕಳಿಗೆ ಹೇಳುವಾಗ ಯುದ್ಧ ಮತ್ತು ಒಪ್ಪಂದಗಳ ಜೊತೆ ಈ ಪಿಂಗಾಣಿಯ ಕಥೆಯನ್ನೂ ಹೇಳುತ್ತಿದ್ದೆ. ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತಿತ್ತು. ತಟ್ಟೆ ಯಾರ ಮನೆಯಲ್ಲಿಲ್ಲ? ಹಾಗಾಗಿ ಈ ವಿಷಯದಲ್ಲಿ ನಿಮ್ಮ ಲೇಖನ ಸುಮ್ನೆ ದಾಟಿಹೋದ ಒಂದೆರಡು ಸಂಗತಿಗಳನ್ನು ಮೊದಲು ಹೇಳುತ್ತೇನೆ.

ಪಿಂಗಾಣಿ ಮಾಡುವ ವಿದ್ಯೆ ಚೀನಾದವರದು. ಜಿಂಗ್‌ಡೆಜೆನ್ ಎಂಬ ಊರಿನ ಗೂಡುಗಳಲ್ಲಿ ನೂರಾರು ವರ್ಷಗಳಿಂದ ಅವರು ಇದನ್ನು ಸುಡುತ್ತಿದ್ದರು. ಬಿಳಿ ಜೇಡಿಮಣ್ಣು ಬೇಕು, ಅದರ ಜೊತೆ ಒಂದು ಬಗೆಯ ಕಲ್ಲಿನ ಪುಡಿ ಬೇಕು, ಸಾವಿರದ ಮುನ್ನೂರು ಡಿಗ್ರಿಯ ಆಸುಪಾಸಿನ ಬೆಂಕಿ ಬೇಕು. ನಮ್ಮ ಮಾಲೂರಿನ ಹೆಂಚಿನ ಗೂಡಿನ ಶಾಖ ಇದರ ಹತ್ತಿರಕ್ಕೂ ಬರುವುದಿಲ್ಲ. ಯುರೋಪಿನವರಿಗೆ ಈ ಗುಟ್ಟು ಬಹಳ ಕಾಲ ಸಿಗಲಿಲ್ಲ. ಹಡಗಿನಲ್ಲಿ ಬಂದ ಚೀನಾದ ತಟ್ಟೆಗಳಿಗೆ ದುಡ್ಡು ಸುರಿದರು. ಈಗಿನ ಜರ್ಮನಿಯಲ್ಲಿರುವ ಸ್ಯಾಕ್ಸನಿಯ ದೊರೆ ಅಗಸ್ಟಸ್ ಪೋಲೆಂಡಿನ ರಾಜನೂ ಆಗಿದ್ದವನು. ಪಿಂಗಾಣಿಯ ಹುಚ್ಚು ತನಗೆ ಹಿಡಿದಿದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಡ್ರೆಸ್ಡೆನ್ ನಗರದಲ್ಲಿ ಅವನು ಕೂಡಿಸಿದ ಪಿಂಗಾಣಿ ಇಪ್ಪತ್ತು ಸಾವಿರ ದಾಟಿತ್ತು. ಅದನ್ನು ಇಡಲಿಕ್ಕೆಂದೇ ಒಂದು ಅರಮನೆಯನ್ನು ಸಿದ್ಧ ಮಾಡಿಸಿದ.

ನಿಮ್ಮ ಲೇಖಕರು ಈ ದೊರೆಯ ಒಂದು ವ್ಯವಹಾರವನ್ನು ತಮಾಷೆಯ ಸಂಗತಿಯಂತೆ ಒಂದು ಸಾಲಿನಲ್ಲಿ ಮುಗಿಸಿದ್ದಾರೆ. 1717ರಲ್ಲಿ ಅಗಸ್ಟಸ್ ತನ್ನ 600 ಸೈನಿಕರನ್ನು ಪ್ರಷ್ಯಾದ ರಾಜನಿಗೆ ಕೊಟ್ಟ. ಬದಲಿಗೆ ಚೀನಾದ 151 ಪಿಂಗಾಣಿ ಸಾಮಾನು ತೆಗೆದುಕೊಂಡ. ಅವುಗಳಲ್ಲಿ ಸುಮಾರು ಒಂದು ಮೀಟರ್ ಎತ್ತರದ ಮುಚ್ಚಳದ ಜಾಡಿಗಳಿದ್ದವು. ಅವು ಇವತ್ತಿಗೂ ಡ್ರೆಸ್ಡೆನ್ನಿನಲ್ಲಿವೆ. ಆ ಸೈನಿಕರ ದಳಕ್ಕೆ ಜನ ಪಿಂಗಾಣಿ ದಳ ಎಂದೇ ಹೆಸರಿಟ್ಟರು. ಇದು ನಗುವ ವಿಷಯ ಅಲ್ಲ. ಆರುನೂರು ಜನಕ್ಕೆ ಅಪ್ಪ ಅಮ್ಮ ಇದ್ದರು, ಹೆಂಡತಿ ಮಕ್ಕಳು ಇದ್ದಿರಬಹುದು. ಒಂದು ದಿನ ಅವರು ಬೇರೆ ರಾಜನ ಆಳುಗಳಾದರು, ಅಷ್ಟೇ. ಒಂದು ಜಾಡಿಗೆ ಇಂತಿಷ್ಟು ಮನುಷ್ಯರು ಎಂದು ಲೆಕ್ಕ ಬಿತ್ತಲ್ಲ, ಆ ಲೆಕ್ಕವನ್ನು ನಾನು ಯಾವತ್ತೂ ತರಗತಿಯಲ್ಲಿ ನಗುತ್ತಾ ಹೇಳಿಲ್ಲ. ನಮ್ಮ ಅಜ್ಜ ಮಗಳ ಮದುವೆಗೆ ಮಾಡಿದ ಸಾಲಕ್ಕೆ ನಮ್ಮಪ್ಪನನ್ನು ಜೀತಕ್ಕೆ ಬಿಟ್ಟಿದ್ದ. ರಾಗಿಗೂ ದುಡ್ಡಿಗೂ ಮನುಷ್ಯನನ್ನು ಸರಿದೂಗಿಸಿದ ಊರಿನವಳು ನಾನು. ಜೀತ ಪದ್ಧತಿ ರದ್ದಿಯಾತಿ ಕಾಯ್ದೆ ಬಂದದ್ದು 1976ರಲ್ಲಿ. ಅಗಸ್ಟಸ್ ಬದುಕಿದ್ದು ಮೂರು ಶತಮಾನದ ಹಿಂದೆ, ನಮ್ಮದು ನನ್ನ ಕಣ್ಣೆದುರಿಗೆ.

ಅದೇ ದೊರೆ ಪಿಂಗಾಣಿಯ ಗುಟ್ಟು ಕಂಡುಹಿಡಿಸಿದ್ದು ಹೇಗೆ ಎಂಬುದನ್ನೂ ಬರೆಯಬೇಕಿತ್ತು. ಬೋಟ್‌ಗರ್ ಎಂಬ ಹುಡುಗ ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವನು. ತನಗೆ ಚಿನ್ನ ಮಾಡಲು ಬರುತ್ತದೆ ಎಂದು ಹೇಳಿಕೊಂಡ. ಸುದ್ದಿ ಹಬ್ಬಿ ಅಗಸ್ಟಸ್ ಅವನನ್ನು ಹಿಡಿಸಿ ಕಾವಲಿನಲ್ಲಿ ಇರಿಸಿದ. ಚಿನ್ನ ಆಗಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ, ವರ್ಷಗಟ್ಟಲೆ ಗೂಡಿನ ಶಾಖದಲ್ಲಿ ಬೆಂದು, 1708ರ ಹೊತ್ತಿಗೆ ಬಿಳಿ ಪಿಂಗಾಣಿಯ ಪಾಕವನ್ನು ಕಂಡುಹಿಡಿದ. 1710ರಲ್ಲಿ ಮೈಸೆನ್ ಎಂಬ ಊರಿನ ಬೆಟ್ಟದ ಮೇಲಿನ ಕೋಟೆಯಲ್ಲಿ ದೊರೆಯ ಕಾರ್ಖಾನೆ ಶುರುವಾಯಿತು. ಕೋಟೆಯನ್ನೇ ಯಾಕೆ ಆರಿಸಿದರು? ಗುಟ್ಟು ಹೊರಗೆ ಹೋಗಬಾರದು, ಕೆಲಸಗಾರರೂ ಹೊರಗೆ ಹೋಗಬಾರದು. ಆದರೂ ಕೆಲವರು ತಪ್ಪಿಸಿಕೊಂಡು ವಿಯೆನ್ನಾಕ್ಕೆ ಹೋದರು, ಅಲ್ಲೂ ಪಿಂಗಾಣಿ ಶುರುವಾಯಿತು. ಬೋಟ್‌ಗರ್‌ಗೆ ಬಿಡುಗಡೆ ಸಿಕ್ಕಿದ್ದು 1714ರಲ್ಲಿ. ಐದು ವರ್ಷಕ್ಕೆ ಸತ್ತುಹೋದ. ಆಗ ಅವನಿಗೆ 37 ವಯಸ್ಸು. ಅರಮನೆಯ ಮೇಜಿನ ಮೇಲಿನ ಆ ಹೊಳಪಿನ ಹಿಂದೆ ಇಂಥ ಒಂದು ಜೀವ ಇದೆ.

ಹಂಸಗಳ ತಟ್ಟೆಯ ಚಿತ್ರ ಹಾಕಿದ್ದೀರಲ್ಲ, ಅದೂ ಮೈಸೆನ್ನಿನದೇ. 1737ರಿಂದ ನಾಲ್ಕೈದು ವರ್ಷ ಕ್ಯಾಂಡ್ಲರ್ ಎಂಬ ಶಿಲ್ಪಿ ಮತ್ತವನ ಜೊತೆಗಾರರು ಅದನ್ನು ಮಾಡಿದರು. 2,200ಕ್ಕಿಂತ ಜಾಸ್ತಿ ಸಾಮಾನು. ಮಾಡಿಸಿಕೊಂಡವನು ಬ್ರೂಲ್ ಎಂಬ ಮಂತ್ರಿ. ಆ ಕಾರ್ಖಾನೆಯ ಮೇಲಧಿಕಾರಿಯೂ ಅವನೇ. ಕಾರ್ಖಾನೆ ಯಾರ ಕೈಯಲ್ಲಿದೆಯೋ ಊಟದ ಮೇಜೂ ಅವರದೇ. ಇಷ್ಟು ಹೇಳಿದರೆ ಸಾಕು, ಜಾಸ್ತಿ ವಿವರಿಸಬೇಕಿಲ್ಲ.

ಫ್ರಾನ್ಸಿನ ಸಂಗತಿ ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ್ದು. ಅಲ್ಲಿ ರಾಜ ಊಟ ಮಾಡುವುದನ್ನು ನೋಡಲು ಜನ ನಿಂತಿರುತ್ತಿದ್ದರು. ರಾಜನ ಎದುರು ಕುಳಿತುಕೊಳ್ಳುವ ಹಕ್ಕು ಕೆಲವೇ ಕೆಲವರಿಗೆ, ಅದೂ ಸಣ್ಣ ಸ್ಟೂಲಿನ ಮೇಲೆ. ಹದಿನಾಲ್ಕನೇ ಲೂಯಿ ಯುದ್ಧದ ಖರ್ಚಿಗೆಂದು 1689ರಲ್ಲಿ ಮತ್ತು 1709ರಲ್ಲಿ ಬೆಳ್ಳಿ ಸಾಮಾನುಗಳನ್ನು ಕರಗಿಸಿದ ಮೇಲೆ ದೊಡ್ಡವರ ಮನೆಗಳಲ್ಲಿ ಬಣ್ಣ ಬಳಿದ ಮಣ್ಣಿನ ತಟ್ಟೆಗಳು ಬಂದವು. ಆಮೇಲೆ ಹದಿನೈದನೇ ಲೂಯಿಯ ಕಾಲಕ್ಕೆ ಸೇವ್ರ್ ಎಂಬಲ್ಲಿ ಪಿಂಗಾಣಿ ಕಾರ್ಖಾನೆ ನಿಂತಿತು. 1759ರಲ್ಲಿ ರಾಜನೇ ಅದನ್ನು ತನ್ನದಾಗಿಸಿಕೊಂಡ. ವರ್ಷದ ಕೊನೆಗೆ ವರ್ಸೇಲ್ಸ್ ಅರಮನೆಯಲ್ಲಿ ಅದರ ಮಾರಾಟ. ರಾಜನ ಎದುರಿಗೇ ಆಸ್ಥಾನದವರು ಕೊಂಡುಕೊಳ್ಳಬೇಕು. ಕೊಳ್ಳದೆ ಬರಿಗೈಯಲ್ಲಿ ಹೋಗುವ ಧೈರ್ಯ ಯಾರಿಗೆ ಇರುತ್ತದೆ? ಇನ್ನೊಂದು ಸಂಗತಿ ಕೇಳಿ. ಪಿಂಗಾಣಿಗೆ ಚಿನ್ನದ ಅಂಚು ಹಾಕುವ ಹಕ್ಕನ್ನು ರಾಜ ತನ್ನ ಕಾರ್ಖಾನೆಗೆ ಮಾತ್ರ ಉಳಿಸಿಕೊಂಡಿದ್ದ. ಉಳಿದ ಕಾರ್ಖಾನೆಯವರು ಚಿನ್ನ ಮುಟ್ಟುವಂತಿಲ್ಲ ಎಂದು ಹುಕುಂ ಹೊರಡಿಸಿದ. ತಟ್ಟೆಯ ಅಂಚಿನ ಎಳೆಯಷ್ಟು ಗೆರೆಗೂ ರಾಜಾಜ್ಞೆ.

ಇದನ್ನು ಪಾಠ ಮಾಡುವಾಗ ನನಗೆ ನಮ್ಮ ಕೆಜಿಎಫ್ ನೆನಪಾಗದೆ ಇರುತ್ತಿರಲಿಲ್ಲ. ನೆಲದೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಜನ ಚಿನ್ನ ತೆಗೆದರು. 1880ರ ದಶಕದಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ತೆಗೆದ ಚಿನ್ನ 800 ಟನ್ ಎನ್ನುತ್ತಾರೆ. ಮೇಲೆ ಬಂಗಲೆಗಳು, ಕ್ಲಬ್ಬು, ಬಿಳಿ ಬಟ್ಟೆ ಹಾಸಿದ ಮೇಜು. ಕೆಳಗೆ ಕಾರ್ಮಿಕರ ಲೈನುಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ತಟ್ಟಿ ಮನೆಗಳು. ಅಲ್ಲಿಂದ ನಮ್ಮೂರಿಗೆ ಹೆಣ್ಣು ತಂದವರು, ಕೊಟ್ಟವರು ಬಹಳ ಜನ ಇದ್ದರು. ನಮ್ಮ ನೆಂಟರಲ್ಲಿ ಗಣಿಗೆ ಇಳಿದವರೂ ಇದ್ದರು. ಅವರ ಮನೆಗಳಲ್ಲಿ ನಾನು ಕಂಡದ್ದು ಅಲ್ಯೂಮಿನಿಯಂ ತಟ್ಟೆ ಮತ್ತು ಅಂಚು ಚಕ್ಕೆ ಎದ್ದ ಎನಾಮೆಲ್ ಮಗ್ಗು. ಚಿನ್ನ ತೆಗೆದವರ ತಟ್ಟೆಗೆ ಚಿನ್ನದ ಗೆರೆ ಇರಲಿಲ್ಲ.

ಸೇವ್ರ್ ಪಿಂಗಾಣಿಗೂ ನಮಗೂ ನೇರವಾದ ಸಂಬಂಧವೂ ಇದೆ. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ. ನಮ್ಮ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ತಂದೆಯ ಗೋರಿ ಕೋಲಾರದಲ್ಲಿದೆ. ಹೈದರನ ಮಗ ಟಿಪ್ಪು ಇಂಗ್ಲಿಷರ ವಿರುದ್ಧ ನೆರವು ಕೇಳಿ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ. 1788ರ ಆಗಸ್ಟ್‌ನಲ್ಲಿ ಹದಿನಾರನೇ ಲೂಯಿ ಅವರನ್ನು ವರ್ಸೇಲ್ಸ್‌ನಲ್ಲಿ ಬರಮಾಡಿಕೊಂಡ. ಅವರಿಗೆ ಸೇವ್ರ್ ಕಾರ್ಖಾನೆಯನ್ನೂ ತೋರಿಸಿದರು. ಸೈನ್ಯದ ನೆರವು ಸಿಗಲಿಲ್ಲ, ಪಿಂಗಾಣಿಯ ಉಡುಗೊರೆ ಸಿಕ್ಕಿತು. ಆ ಕಾಲದ ರಾಜರು ಹೀಗೇ ಮಾಡುತ್ತಿದ್ದರು. ಡೆನ್ಮಾರ್ಕಿನ ರಾಜನಿಗೆ, ಆಸ್ಟ್ರಿಯಾದ ರಾಣಿಗೆ ಫ್ರಾನ್ಸಿನ ಅರಮನೆಯಿಂದ ಊಟದ ಸೆಟ್ಟುಗಳು ಹೋಗಿದ್ದವು. ನಾವು ಎಷ್ಟು ದೊಡ್ಡವರು ನೋಡಿ ಎಂದು ತಟ್ಟೆಯಲ್ಲಿ ಹೇಳಿ ಕಳಿಸುವುದು.

ಟಿಪ್ಪು ಕೇಳಿದ್ದರಲ್ಲಿ ಒಂದು ನನಗೆ ಬಹಳ ಹಿಡಿಸುತ್ತದೆ. ಅವನು ಕುಶಲಕರ್ಮಿಗಳನ್ನು ಕಳಿಸಿಕೊಡಿ ಎಂದು ಕೇಳಿದ್ದ. ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಗಾಜು ಮಾಡುವವರು, ಅವರ ಜೊತೆ ಪಿಂಗಾಣಿ ಮಾಡುವವರು. ತಟ್ಟೆಗಿಂತ ತಟ್ಟೆ ಮಾಡುವ ಕೈ ದೊಡ್ಡದು ಎಂದು ತಿಳಿದವನ ಬೇಡಿಕೆ ಅದು. ಮುಂದಿನ ವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಹತ್ತು ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು, ಲೂಟಿಯಾಯಿತು.

ನಮ್ಮ ನಾಡಿನ ದೊಡ್ಡವರಿಗೆ ಪಿಂಗಾಣಿ ಗೊತ್ತೇ ಇರಲಿಲ್ಲ ಎನ್ನುವ ಹಾಗೂ ಇಲ್ಲ. ಹಂಪಿಯಲ್ಲಿ ಗಣ್ಯರ ಮನೆಗಳಿದ್ದ ಭಾಗವನ್ನು ಅಗೆದಾಗ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಬಾಳೆಲೆಯ ನಾಡಿನಲ್ಲೇ ಅವೂ ಇದ್ದವು.

ಇನ್ನು ನಮ್ಮೂರಿನ ಮಾತು. ಇದನ್ನು ಹೇಳಲಿಕ್ಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮೂರಿನ ದೊಡ್ಡಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಬೀರು ಇತ್ತು. ಅದರಲ್ಲಿ ಬಿಳಿ ಪಿಂಗಾಣಿಯ ಕಪ್‌ಗಳು, ಸಾಸರುಗಳು. ಸುತ್ತ ನೀಲಿ ಹೂವು, ಬಾಯಿಯ ಸುತ್ತ ಸಣ್ಣ ಚಿನ್ನದ ಗೆರೆ. ನಾನು ಒಳಗೆ ಹೋಗುವಂತಿರಲಿಲ್ಲ. ಅಂಗಳ ಗುಡಿಸುವಾಗ ಅಮ್ಮನ ಹಿಂದೆ ನಿಂತು ಬಾಗಿಲಿನಿಂದ ನೋಡುತ್ತಿದ್ದೆ. ಮನೆಯವರು ಯಾರೂ ಅದರಲ್ಲಿ ಕುಡಿಯುತ್ತಿರಲಿಲ್ಲ. ಅವರದು ಹಿತ್ತಾಳೆ, ಕಂಚು, ಆಮೇಲೆ ಸ್ಟೀಲು. ಅಮಲ್ದಾರರು, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿ, ಜಮಾಬಂದಿಯ ಲೆಕ್ಕ ನೋಡಲು ಬಂದರೆ ಬೀರು ತೆಗೆಯುತ್ತಿದ್ದರು. ಜೀಪು ಕೆರೆ ಕಟ್ಟೆ ಹತ್ತಿರ ಕಂಡ ಕೂಡಲೇ ಕಪ್ಪುಗಳು ಕೆಳಗೆ ಬರುತ್ತಿದ್ದವು. ಅವರ ಜೊತೆ ಬಂದ ಶಾನುಭೋಗರು ಆ ಕಪ್ಪಿನಲ್ಲಿ ಕುಡಿಯುತ್ತಿರಲಿಲ್ಲ. ಪಿಂಗಾಣಿ ಮಡಿಗೆ ಬರುವುದಿಲ್ಲ, ಬಾಳೆಹಣ್ಣು ಸಾಕು ಎನ್ನುತ್ತಿದ್ದರು. ತಳವಾರ ಜಗಲಿಯ ಕೆಳಗೆ, ತನ್ನದೇ ಲೋಟದಲ್ಲಿ. ನಮ್ಮಪ್ಪ ಕೊಟ್ಟಿಗೆಯಲ್ಲಿ. ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ ಒಂದು ತೆಂಗಿನ ಚಿಪ್ಪು ಇತ್ತು. ಅದನ್ನು ತೆಗೆದು, ತೊಳೆದು, ನೆಲದ ಮೇಲಿಟ್ಟು ಅಪ್ಪ ದೂರ ಸರಿಯಬೇಕು. ಮೇಲಿನಿಂದ ಕಾಫಿ ಹುಯ್ಯುತ್ತಿದ್ದರು. ಆಮೇಲೆ ಅಪ್ಪ ಬಂದು ಎತ್ತಿಕೊಳ್ಳಬೇಕು.

ಒಂದೇ ಮನೆ, ಒಂದೇ ಕಾಫಿ. ಅದಕ್ಕೆ ನಾಲ್ಕು ಬಗೆ. ಅರಮನೆಗಳಲ್ಲಿ ಯಾರು ಎಲ್ಲಿ ಕೂರಬೇಕು ಎಂದು ನೋಡಿಕೊಳ್ಳಲು ಅಧಿಕಾರಿಗಳೇ ಇದ್ದರು. ನಮ್ಮಲ್ಲಿ ಅಂಥವರು ಬೇಕಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಮಕ್ಕಳಿಗೂ.

ಒಂದು ಸಲ ಆ ಮನೆಯ ಮಗು ಒಂದು ಕಪ್ಪನ್ನು ಕೆಡವಿತು. ಕಪ್ಪು ಒಡೆಯಲಿಲ್ಲ, ಹಿಡಿ ಮಾತ್ರ ಮುರಿಯಿತು. ಹಿಡಿ ಇಲ್ಲದ ಕಪ್ಪನ್ನು ಅಮಲ್ದಾರರ ಮುಂದೆ ಇಡಲಿಕ್ಕಾಗುವುದಿಲ್ಲ ಅಲ್ವಾ? ಅದು ಕೊಟ್ಟಿಗೆಗೆ ಬಂತು. ಚಿಪ್ಪಿನ ಪಕ್ಕದಲ್ಲಿ ಸೂರಿನಲ್ಲಿ ಸೇರಿಕೊಂಡಿತು. ನನಗೆ ಅದೊಂದು ಹಬ್ಬ. ಅಷ್ಟು ದಿನ ದೂರದಿಂದ ಕಂಡ ನೀಲಿ ಹೂವನ್ನು ಕೈಯಲ್ಲಿ ಹಿಡಿದು ನೋಡಿದೆ. ಚಿನ್ನದ ಗೆರೆ ಹಾಗೇ ಇತ್ತು. ಅಪ್ಪನಿಗೆ ಅದು ಬೇಡವಾಗಿತ್ತು.

"ಸುಡುತ್ತೆ ಕಣಮ್ಮ, ಹಿಡಿಯೋಕಾಗಲ್ಲ. ಚಿಪ್ಪೇ ವಾಸಿ" ಎಂದ.

ಪಿಂಗಾಣಿ ಬಿಸಿಯನ್ನು ನೇರ ಬೆರಳಿಗೆ ಕೊಡುತ್ತದೆ, ಹಿಡಿ ಇಲ್ಲದಿದ್ದರೆ ಕಷ್ಟ. ಚಿಪ್ಪು ಹಾಗಲ್ಲ. ಅಪ್ಪ ಹೇಳಿದ್ದು ಇಷ್ಟೇ. ಆದರೆ ಆ ಕಪ್ಪಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅದೇ ಮಣ್ಣು, ಅದೇ ಹೂವು, ಅದೇ ಚಿನ್ನ. ಬೀರುವಿನಲ್ಲಿದ್ದಾಗ ಅದು ದೊಡ್ಡಸ್ತಿಕೆ, ಕೊಟ್ಟಿಗೆಗೆ ಬಂದ ಮೇಲೆ ಅದು ನಮ್ಮನ್ನು ದೂರ ಇಡುವ ಗುರುತು. ಅಧಿಕಾರ ಪಿಂಗಾಣಿಯಲ್ಲಿ ಇರಲಿಲ್ಲ. ಯಾರಿಗೆ ಯಾವುದು ಎಂದು ಹೇಳುವವರ ಬಾಯಲ್ಲಿ ಇತ್ತು. ನಿಮ್ಮ ಲೇಖನ ಪಿಂಗಾಣಿಯ ಹೊಳಪನ್ನೇ ಅಧಿಕಾರ ಎಂದುಕೊಂಡಿದೆ. ಅದಕ್ಕೇ ಬಾಳೆಲೆಗೆ ಹೊಳಪಿಲ್ಲದ್ದು ಕಂಡು ಅಲ್ಲಿ ಅಧಿಕಾರ ಇಲ್ಲ ಎಂದುಕೊಂಡಿದೆ.

ಬಾಳೆಲೆಗೇ ಬರೋಣ. ನಮ್ಮ ಕಡೆ ಬಾಳೆಲೆಗಿಂತ ಮುತ್ತುಗದ ಎಲೆ ಜಾಸ್ತಿ. ದೊಡ್ಡಮನೆಯ ಮದುವೆಯಲ್ಲಿ ಚಪ್ಪರದೊಳಗೆ ಪಂಕ್ತಿ. ಮೊದಲ ಪಂಕ್ತಿ ಯಾರದ್ದು, ಎರಡನೆಯದು ಯಾರದ್ದು ಎಂಬುದು ಮೊದಲೇ ಗೊತ್ತು. ನಮ್ಮ ಕೇರಿಯವರು ಚಪ್ಪರದಾಚೆ ಹುಣಿಸೆಮರದ ಕೆಳಗೆ ಕಾಯಬೇಕು. ಎಲ್ಲ ಪಂಕ್ತಿ ಮುಗಿದು, ಎಂಜಲೆಲೆ ಎತ್ತಿ, ಜಾಗ ಬಳಿದ ಮೇಲೆ ನಮಗೆ. ನಾವು ಮನೆಯಿಂದ ತಂದ ಪಾತ್ರೆಗೆ ಅನ್ನ, ಸಾರು ಎಲ್ಲ ಒಟ್ಟಿಗೆ ಬೀಳುತ್ತಿತ್ತು. ಎಲೆ ಎಲ್ಲರಿಗೂ ಒಂದೇ ಎಂದು ಬರೆಯುವವರು ಚಪ್ಪರದ ಒಳಗೆ ಕೂತು ಉಂಡವರು. ಹುಣಿಸೆಮರದ ಕೆಳಗಿನಿಂದ ನೋಡಿದವರನ್ನು ಅವರು ಕೇಳಿಲ್ಲ.

ಪಿಂಗಾಣಿಯ ವಿಷಯದಲ್ಲಿ ಇನ್ನೊಂದು ಸಂಗತಿ ಬಹಳ ವರ್ಷದಿಂದ ನನ್ನನ್ನು ಕಾಡಿದೆ. ಇಂಗ್ಲೆಂಡಿನಲ್ಲಿ 1790ರ ದಶಕದಲ್ಲಿ ಸ್ಪೋಡ್ ಎಂಬುವರು ಬೋನ್ ಚೈನಾ ಎಂಬ ಬಗೆಯನ್ನು ಹದಕ್ಕೆ ತಂದರು. ಹೆಸರೇ ಹೇಳುವಂತೆ ಅದರಲ್ಲಿ ಮೂಳೆ ಇದೆ. ದನದ ಮೂಳೆಯನ್ನು ಸುಟ್ಟ ಬೂದಿ ಹತ್ತಿರ ಹತ್ತಿರ ಅರ್ಧದಷ್ಟು, ಉಳಿದದ್ದು ಬಿಳಿ ಜೇಡಿಮಣ್ಣು ಮತ್ತು ಕಲ್ಲಿನ ಪುಡಿ. ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಮಸುಕಾಗಿ ಕಾಣುವಷ್ಟು ತೆಳು. ನಮ್ಮ ದೊಡ್ಡ ಊರುಗಳ ಶೋಕೇಸುಗಳಲ್ಲಿ ಇವತ್ತಿಗೂ ಅದಕ್ಕೆ ಬೆಲೆ. ನಮ್ಮ ಕೇರಿಯ ಗಂಡಸರು ಊರಿನಲ್ಲಿ ಸತ್ತ ದನ ಹೊತ್ತು ಊರಾಚೆ ಸಾಗಿಸುತ್ತಿದ್ದರು. ಹೆಂಗಸರು ಮಕ್ಕಳು ಬಯಲಿನಲ್ಲಿ ಒಣಗಿದ ಮೂಳೆ ಆಯ್ದು ಚೀಲಕ್ಕೆ ತುಂಬಿ ಮಾರುತ್ತಿದ್ದರು. ಆ ಕೆಲಸದ ಕಾರಣಕ್ಕೇ ನಮ್ಮ ಕೈ ಮುಟ್ಟಬಾರದ ಕೈಯಾಯಿತು. ಅದೇ ದನದ ಮೂಳೆ ಬೂದಿಯಾಗಿ, ಹೂವು ಚಿನ್ನ ಹೊತ್ತು ಬಂದರೆ ಅತಿಥಿಗಳ ತುಟಿಗೆ ಹೋಗಬಹುದು. ಮೂಳೆ ಆಯ್ದವರು ಮಾತ್ರ ಆ ಬಟ್ಟಲನ್ನು ಮುಟ್ಟುವಂತಿಲ್ಲ. ಇದನ್ನು ನಾನು ಮಕ್ಕಳಿಗೆ ಹೇಳಿದಾಗ ಕೆಲವರು ತಲೆ ತಗ್ಗಿಸುತ್ತಿದ್ದರು, ಕೆಲವರು ಕಣ್ಣರಳಿಸುತ್ತಿದ್ದರು. ಯಾರು ಯಾವ ಬೀದಿಯ ಮಕ್ಕಳು ಎಂದು ಅದರಲ್ಲೇ ತಿಳಿಯುತ್ತಿತ್ತು.

ಹೋಟೆಲಿನ ವಿಷಯವನ್ನು ನಿಮ್ಮ ಪತ್ರಿಕೆಯೂ ಹಿಂದೆ ಬರೆದಿದೆ, ಅದಕ್ಕೆ ನಾನು ಋಣಿ. ನಮಗೆ ಬೇರೆ ಗಾಜಿನ ಲೋಟ, ಹೊರಗಿನ ಗೂಡಿನಲ್ಲಿ. ನಾವೇ ತೆಗೆದು, ಕುಡಿದು, ತೊಳೆದು ಇಡಬೇಕು. ಕಾಸನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಡಬೇಕು. ಇದನ್ನು ಕಾನೂನು ಬಲ್ಲವರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರಲ್ಲಿ ಅದಕ್ಕೆಂದೇ ಕಾಯ್ದೆ ಬಂತು, ಈಗ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು. ಹೋಟೆಲಿನ ಒಳಗೆ ಬಿಡಬೇಕು ಎಂದಷ್ಟೇ ಹೇಳಿ ಆ ಕಾಯ್ದೆ ನಿಲ್ಲಿಸಲಿಲ್ಲ. ಅಲ್ಲಿ ಸಾರ್ವಜನಿಕರಿಗೆಂದು ಇಟ್ಟಿರುವ ಪಾತ್ರೆಗಳನ್ನು ಬಳಸಲು ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೂ ಶಿಕ್ಷೆ ಎಂದು 4ನೇ ಕಲಮಿನಲ್ಲಿ ಪಾತ್ರೆಯ ಹೆಸರನ್ನೇ ಎತ್ತಿ ಬರೆದರು. ಒಂದು ದೇಶದ ಸಂಸತ್ತು ಲೋಟ ತಟ್ಟೆಯ ಬಗ್ಗೆ ಕಾಯ್ದೆ ಮಾಡಬೇಕಾಯಿತು ಎಂದರೆ ನಮ್ಮ ಊಟದ ಸಾಮಾನಿನಲ್ಲಿ ದೊರೆತನ ಎಷ್ಟು ಇದ್ದಿರಬೇಕು ಯೋಚಿಸಿ. ಫ್ರಾನ್ಸಿನ ರಾಜ ಚಿನ್ನದ ಅಂಚು ಯಾರಿಗೆ ಇರಕೂಡದು ಎಂದು ಹುಕುಂ ಮಾಡಿದ. ನಮ್ಮ ಸಂಸತ್ತು ಲೋಟ ಯಾರಿಗೂ ಇಲ್ಲ ಎನ್ನಕೂಡದು ಎಂದು ಕಾಯ್ದೆ ಮಾಡಿತು. ಎರಡೂ ತಟ್ಟೆಯ ಇತಿಹಾಸವೇ. ಎರಡನೆಯದು ನನಗೆ ಹೆಮ್ಮೆಯ ಇತಿಹಾಸ.

ಆದ್ದರಿಂದ ನನ್ನ ಕೋರಿಕೆಗಳನ್ನು ದಯವಿಟ್ಟು ಪರಿಶೀಲಿಸಿ. ಪಿಂಗಾಣಿಯ ಬಗ್ಗೆ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಅದು ಚೆಂದದ ವಸ್ತು. ಮನುಷ್ಯನ ಕೈ ಮಣ್ಣಿನಿಂದ ಅಂಥದ್ದನ್ನು ಮಾಡಬಲ್ಲದು ಎಂಬುದು ಸಂತೋಷದ ವಿಷಯ, ಆ ಕೈಗಳಿಗೆ ನಾನು ಮುಗಿಯುತ್ತೇನೆ. ಆದರೆ ಆ ಸರಣಿ ಮುಂದುವರಿಯುತ್ತದೆ ಎಂದು ಹೇಳಿದ್ದೀರಿ. ಅದರಲ್ಲಿ ಒಂದು ವಾರ ನಮ್ಮ ಜಿಲ್ಲೆಗಳ ಊಟದ ಸಾಮಾನಿಗೆ ಕೊಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರನ್ನು ಕೂರಿಸಿ ಕೇಳಿ. ಸೂರಿನ ಚಿಪ್ಪು, ಹೊರಗಿನ ಲೋಟ, ಕೈಗೆ ಸುರಿದ ನೀರು, ಅವರಿಗೆಲ್ಲ ನೆನಪಿದೆ. ಇನ್ನು ಹತ್ತು ಹದಿನೈದು ವರ್ಷಕ್ಕೆ ಕೇಳಲು ಯಾರೂ ಇರುವುದಿಲ್ಲ. ಹಾಗೆಯೇ ನಮ್ಮ ಕಡೆ ಎಲ್ಲಾದರೂ ಹಳೆಯ ಕಾಲದ ಊಟದ ಸಾಮಾನಿನ ಪ್ರದರ್ಶನ ಇಡುವವರು ಬಂಗಲೆಯ ಡಿನ್ನರ್ ಸೆಟ್ಟಿನ ಪಕ್ಕದಲ್ಲೇ, ಅದೇ ಗಾಜಿನ ಪೆಟ್ಟಿಗೆಯೊಳಗೆ, ಒಂದು ಚಿಪ್ಪನ್ನು ಇಡಲಿ. ಬೇರೆ ಕೋಣೆಯಲ್ಲಿ ಬೇಡ. ಅದಕ್ಕೂ ಬೇರೆ ಜಾಗ ಆಗುವುದು ಬೇಡ. ಕೆಳಗೆ ಚೀಟಿ ಅಂಟಿಸಿ ಯಾರು ಕುಡಿಯುತ್ತಿದ್ದರು ಎಂದು ಬರೆಯಲಿ.

ಇದೆಲ್ಲ ಹಳೆಯದಾಯಿತಲ್ಲ ಮೇಡಂ ಎಂದು ನನ್ನ ಜೊತೆ ಕೆಲಸ ಮಾಡಿದವರೇ ಹೇಳುತ್ತಾರೆ. ಪೂರ್ತಿ ಹಳೆಯದಾಗಿಲ್ಲ. ಚಿಪ್ಪು ಹೋಗಿದೆ, ಬೇರೆ ಗಾಜಿನ ಲೋಟವೂ ಬಹಳ ಕಡೆ ಹೋಗಿದೆ. ಆದರೆ ಕೆಲವು ಕಡೆ ಅದರ ಜಾಗಕ್ಕೆ ಕಾಗದದ ಕಪ್ಪು ಬಂದಿದೆ. ಎಲ್ಲರಿಗೂ ಕಾಗದದ ಕಪ್ಪು ಕೊಟ್ಟರೆ ನನ್ನ ತಕರಾರಿಲ್ಲ. ಒಳಗೆ ಬೆಂಚಿನ ಮೇಲೆ ಕೂತವರಿಗೆ ಸ್ಟೀಲಿನ ಲೋಟ, ಬಾಗಿಲಲ್ಲಿ ನಿಂತ ಕೆಲವರಿಗೆ ಮಾತ್ರ ಕೇಳದೆಯೇ ಕಾಗದದ ಕಪ್ಪು ಕೊಡುವುದನ್ನು ನಾನೇ ನೋಡಿದ್ದೇನೆ. ಕುಡಿದು ಬಿಸಾಡಿದರೆ ತೊಳೆಯುವ ಪ್ರಶ್ನೆಯೂ ಇಲ್ಲ, ಯಾರೂ ದೂರು ಕೊಡುವ ಪ್ರಶ್ನೆಯೂ ಇಲ್ಲ. ಇದು ಎಲ್ಲೆಲ್ಲಿ ಇದೆ, ಎಷ್ಟಿದೆ ಎಂದು ಯಾರಾದರೂ ಹೋಗಿ ನೋಡಬೇಕು. ನಿಮ್ಮ ವರದಿಗಾರರು ಬರುವುದಾದರೆ ನಾನು ಜೊತೆಗೆ ಬರುತ್ತೇನೆ. ಬಂಗಾರಪೇಟೆಯಿಂದ ಮೊದಲ ಬಸ್ಸಿಗೇ ಹೊರಡಬೇಕು. ಹೊಲಕ್ಕೆ, ಗಾರೆ ಕೆಲಸಕ್ಕೆ ಹೋಗುವವರು ಟೀ ಕುಡಿಯುವುದು ಬೆಳಿಗ್ಗೆ ಆರರಿಂದ ಎಂಟರ ಒಳಗೆ, ಆಮೇಲೆ ಹೋದರೆ ಏನೂ ಕಾಣುವುದಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಶಿಕ್ಷಕಿ,
ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ